ಇಲಿ ಬೀಳದ ಜ್ವರ: ಹಂಟಾ ವೈರಸ್ಸಿನ ವಿಕಾಸವೂ ಮುಂಬಯಿಯ ಇಲಿಗಳೂ

ಹಳೆಯ ಮೈಸೂರು ಸೀಮೆಯಲ್ಲಿಯೂ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿಯೂ ಪ್ಲೇಗಿನ ಕಾಲವನ್ನು ಕಂಡಿದ್ದ ಹಿರಿಯರಿಗೆ ‘ಇಲಿ ಬಿತ್ತು’ ಎಂಬ ಎರಡು ಪದಗಳಿಗಿಂತ ಭಯಂಕರವಾದ ಸುದ್ದಿ ಬೇರೊಂದಿರಲಿಲ್ಲ. ಅಟ್ಟದ ಮೇಲಿನಿಂದ ಇಲಿಯೊಂದು ತತ್ತರಿಸುತ್ತ ಬಂದು ನಡುಮನೆಯಲ್ಲಿ ಬಿದ್ದು ಸತ್ತಿತೆಂದರೆ ಮನೆಮಂದಿ ಪಾತ್ರೆ ಪದಾರ್ಥಗಳನ್ನು ಗಂಟುಕಟ್ಟಿಕೊಂಡು ಊರ ಹೊರಗಿನ ಗುಡಿಸಲುಗಳಿಗೆ ನಡೆದುಬಿಡುತ್ತಿದ್ದರು. ರೋಗದ ಕಾರಣವನ್ನು ವೈದ್ಯಶಾಸ್ತ್ರ ವಿವರಿಸುವ ಮೊದಲೇ ಜನರು ಅದರ ಕ್ರಮವನ್ನು ಗುರುತಿಸಿದ್ದರು: ಮೊದಲು ಇಲಿ, ಅನಂತರ ಮನುಷ್ಯ. ಸಾಯುವ ಇಲಿಯೇ ಎಚ್ಚರಿಕೆಯ ಗಂಟೆಯಾಗಿತ್ತು.

ಆ ಗಂಟೆ ಈ ನಗರದಲ್ಲಿ ಬಾರಿಸಿದ್ದು 1896ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದರಿಗೆ ತಗುಲಿದ ಮಾಂಡವಿಯ ಗೋದಾಮು ಪೇಟೆಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಎಂಬ ವೈದ್ಯರು ಜ್ವರಪೀಡಿತನೊಬ್ಬನಲ್ಲಿ ಪ್ಲೇಗನ್ನು ಗುರುತಿಸಿದರು. ಎಂಟು ಲಕ್ಷಕ್ಕೂ ಮಿಕ್ಕಿ ಜನರಿದ್ದ ಮುಂಬಯಿಯಿಂದ ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಮಂದಿ ಓಡಿಹೋದರು. 1898ರಲ್ಲಿ ರೋಗ ಬೆಂಗಳೂರನ್ನು ಮುಟ್ಟಿತು. ಬಸವನಗುಡಿ, ಮಲ್ಲೇಶ್ವರಗಳೆಂಬ ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದು ಆ ಹಾವಳಿಯ ಹಿನ್ನೆಲೆಯಲ್ಲಿ. ಹಾಫ್‌ಕಿನ್ ಮಹಾಶಯನು 1897ರ ಜನವರಿಯಲ್ಲಿ ತಾನು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. 1899ರಲ್ಲಿ ಪರೇಲಿನ ಹಳೆಯ ಗವರ್ನಮೆಂಟ್ ಹೌಸಿಗೆ ಬಂದ ಅವನ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರಾಯಿತು. ಇಲಿಯಿಂದ ಇಲಿಗೆ ರೋಗವನ್ನು ಒಯ್ಯುವುದು ಚಿಗಟವೆಂದು ಪಾಲ್-ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದನು. ಅದನ್ನು ನಿಸ್ಸಂದೇಹವಾಗಿ ಸ್ಥಾಪಿಸಿದವರು 1905ರಿಂದ ಇದೇ ಪರೇಲಿನಲ್ಲಿ ಕೆಲಸಮಾಡಿದ ಪ್ಲೇಗ್ ಸಂಶೋಧಕರು.

ಇಲಿಯೆಂದರೆ ಪ್ಲೇಗು ಎಂಬ ಭಾವನೆ ಅಂದಿನಿಂದ ಮನಸ್ಸಿನಲ್ಲಿ ಬೇರೂರಿಬಿಟ್ಟಿದೆ. ಆದರೆ ಇಲಿಯ ಮೈಯಲ್ಲಿ ವಾಸಿಸುತ್ತ, ಇಲಿಯ ಕೂದಲನ್ನೂ ಕೊಂಕಿಸದೆ, ಮನುಷ್ಯನನ್ನು ಮಾತ್ರ ಹಣ್ಣುಮಾಡುವ ರೋಗಾಣುಗಳು ಬೇರೆಯೇ ಇವೆ. ಅವುಗಳಲ್ಲಿ ಇಲಿಜ್ವರವೆಂದು ಕರೆಯಲ್ಪಡುವ ಲೆಪ್ಟೋಸ್ಪೈರೋಸಿಸ್ ಮುಂಬಯಿಗರಿಗೆ ಪರಿಚಿತ. ಅಷ್ಟಾಗಿ ಪರಿಚಯವಿಲ್ಲದ್ದು ಹಂಟಾ ವೈರಸ್. ಅದರ ಸ್ವಭಾವವನ್ನು ಅರಿಯಬೇಕಾದರೆ ಅದು ಇಲಿಗಳ ಕುಲದಲ್ಲಿ ಹೇಗೆ ವಿಕಾಸಗೊಂಡಿತೆಂಬುದನ್ನು ನೋಡಬೇಕು.

ಕೊರಿಯದ ನದಿಯೂ ವೆಲ್ಲೂರಿನ ಮೂಗಿಲಿಯೂ

ಕೊರಿಯ ಯುದ್ಧಕಾಲದಲ್ಲಿ, 1951ರಿಂದ 1953ರವರೆಗೆ, ವಿಶ್ವಸಂಸ್ಥೆಯ ಸೈನ್ಯದ ಮೂರು ಸಾವಿರಕ್ಕೂ ಹೆಚ್ಚು ಯೋಧರು ವಿಚಿತ್ರವಾದ ಜ್ವರಕ್ಕೆ ತುತ್ತಾದರು. ಜ್ವರ, ತಲೆನೋವು, ಸೊಂಟದ ನೋವು. ಅನಂತರ ರಕ್ತದ ಒತ್ತಡದ ಕುಸಿತ. ಬಳಿಕ ಮೂತ್ರವೇ ನಿಂತುಹೋಗುವಷ್ಟು ಮೂತ್ರಪಿಂಡಗಳ ವೈಫಲ್ಯ. ಚರ್ಮದಲ್ಲಿಯೂ ಒಳಾಂಗಗಳಲ್ಲಿಯೂ ರಕ್ತಸ್ರಾವ. ಕಾರಣ ತಿಳಿಯಲು ಕಾಲು ಶತಮಾನ ಹಿಡಿಯಿತು. ಬೆನ್ನಿನ ಮೇಲೆ ಕಪ್ಪು ಗೆರೆಯುಳ್ಳ ಹೊಲದ ಇಲಿಯೊಂದರ ಶ್ವಾಸಕೋಶದಲ್ಲಿ 1976ರಲ್ಲಿ ಕೊರಿಯದ ವಿಜ್ಞಾನಿ ಲೀ ಹೋ-ವಾಂಗ್ ಆ ವೈರಸ್ಸನ್ನು ಕಂಡರು. ಸಮೀಪದ ಹಂಟಾನ್ ನದಿಯ ಹೆಸರನ್ನೇ ಅದಕ್ಕಿಟ್ಟರು. ಕೆಲವೇ ವರ್ಷಗಳಲ್ಲಿ ಸೋಲ್ ನಗರದ ಇಲಿಗಳಲ್ಲಿ ಅದರ ದಾಯಾದಿಯೊಂದು ಸಿಕ್ಕಿತು. ಅದು ಸೋಲ್ ವೈರಸ್.

ಹಾಗಾದರೆ ಮೊದಲು ಸಿಕ್ಕ ಹಂಟಾ ವೈರಸ್ ಕೊರಿಯದ್ದೇ? ಅಲ್ಲ. ಆ ಮಾನ ದಕ್ಷಿಣ ಭಾರತಕ್ಕೆ ಸಲ್ಲಬೇಕು. ಆದರೆ ಸಿಕ್ಕಿದಾಗ ಅದು ಏನೆಂದು ಯಾರಿಗೂ ತಿಳಿಯಲಿಲ್ಲ. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾದ ವೈರಸ್ ಸಂಶೋಧನ ಕೇಂದ್ರವನ್ನು ಕನ್ನಡಿಗರು ಬಲ್ಲರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ಮೂಲವನ್ನು ಪತ್ತೆಮಾಡಿದ್ದು ಅದೇ ಕೇಂದ್ರ. ವೆಲ್ಲೂರಿನಲ್ಲಿಯೂ ಅದರ ಕ್ಷೇತ್ರಕಾರ್ಯ ನಡೆಯುತ್ತಿತ್ತು. 1964ರಲ್ಲಿ ವೆಲ್ಲೂರಿನ ತೊಟ್ಟಪಾಳ್ಯಂ ಭಾಗದಲ್ಲಿ ಹಿಡಿದ ಮೂಗಿಲಿಯೊಂದರಲ್ಲಿ ಹೊಸ ವೈರಸ್ ದೊರಕಿತು. ಸುಂಡಿಲಿಯೆಂದೂ ಮರಾಠಿಯಲ್ಲಿ ಚಿಚುಂದ್ರಿಯೆಂದೂ ಕರೆಯಲ್ಪಡುವ, ಚೂಪು ಮೂತಿಯ, ನಾರುವ ಪ್ರಾಣಿ ಅದು. 1971ರಲ್ಲಿ ವರದಿ ಪ್ರಕಟವಾದಾಗ ಸಂಶೋಧಕರು ಇದನ್ನು ಸೊಳ್ಳೆ ಉಣ್ಣೆಗಳಂಥ ಕೀಟಗಳಿಂದ ಹರಡುವ ವೈರಸ್ಸಿರಬಹುದೆಂದು ಊಹಿಸಿದರು. ಅದು ಹಂಟಾ ಕುಲಕ್ಕೆ ಸೇರಿದ್ದೆಂಬುದು ಸ್ಪಷ್ಟವಾದದ್ದು ಕೊರಿಯದ ಶೋಧದ ತರುವಾಯ. ಹೆಸರಿಡುವ ಭಾಗ್ಯ ತಪ್ಪಿದರೂ ತೊಟ್ಟಪಾಳ್ಯಂ ವೈರಸ್ ಮುಂದೆ ವಿಕಾಸದ ಕಥೆಯನ್ನೇ ತಿರುಗಿಸಿತು.

ಇಲಿಯನ್ನು ಕೊಲ್ಲದಿರುವುದರ ಗುಟ್ಟು

ಪ್ಲೇಗಿನ ಬ್ಯಾಕ್ಟೀರಿಯ ಇಲಿಯನ್ನು ಕೊಲ್ಲುತ್ತದೆ, ಹಂಟಾ ವೈರಸ್ ಕೊಲ್ಲುವುದಿಲ್ಲ. ಇದರಲ್ಲಿ ದಯೆಯ ಮಾತಿಲ್ಲ, ಪ್ರಯಾಣದ ಲೆಕ್ಕಾಚಾರವಿದೆ. ಪ್ಲೇಗಿಗೆ ಚಿಗಟವೆಂಬ ವಾಹನವುಂಟು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ತೊರೆದು ಬೇರೊಂದು ಬಿಸಿಮೈಯನ್ನು ಹುಡುಕುತ್ತವೆ. ಇಲಿಯ ಮರಣವೇ ರೋಗಾಣುವಿನ ಪ್ರಯಾಣದ ಆರಂಭ. ಹಂಟಾ ವೈರಸ್ಸಿಗೆ ಅಂಥ ವಾಹನವಿಲ್ಲ. ಅದು ಇಲಿಯಿಂದ ಇಲಿಗೆ ನೇರವಾಗಿ, ಮುಖ್ಯವಾಗಿ ಕಚ್ಚಾಟದ ಗಾಯಗಳ ಮೂಲಕ, ಜೊಲ್ಲು ಮೂತ್ರ ಹಿಕ್ಕೆಗಳ ಮೂಲಕ ದಾಟಬೇಕು. ಬಿಲಕ್ಕಾಗಿ, ಹೆಣ್ಣಿಗಾಗಿ ಹೋರಾಡುವ ಬಲಿತ ಗಂಡು ಇಲಿಗಳಲ್ಲಿ ಸೋಂಕು ಹೆಚ್ಚಾಗಿ ಕಾಣುವುದು ಈ ಕಾರಣದಿಂದಲೇ. ಮಲಗಿದ ಇಲಿ ಕಚ್ಚಲಾರದು. ಸತ್ತ ಇಲಿಯಿಂದ ವೈರಸ್ಸಿಗೆ ಯಾವ ಉಪಯೋಗವೂ ಇಲ್ಲ. ಆಶ್ರಯದಾತನನ್ನು ಬೇಗ ಉರುಳಿಸಿದ ತಳಿಗಳು ಅವನೊಂದಿಗೇ ಮಣ್ಣಾದವು. ಅವನನ್ನು ಚುರುಕಾಗಿಟ್ಟು, ತಿಂಗಳುಗಟ್ಟಲೆ, ಆಯುಷ್ಯವಿಡೀ ಮೈಯಲ್ಲಿ ಅಡಗಿಕೊಂಡ ತಳಿಗಳು ಉಳಿದವು. ಇಲಿಯ ದೇಹವೂ ತನ್ನ ರಕ್ಷಣಾಕ್ರಿಯೆಯನ್ನು ಮಿತಿಯಲ್ಲಿಟ್ಟು ವೈರಸ್ಸನ್ನು ಸಹಿಸಿಕೊಳ್ಳುತ್ತದೆ.

ಮನುಷ್ಯನ ಸ್ಥಿತಿ ಬೇರೆ. ಅವನು ಈ ಒಪ್ಪಂದಕ್ಕೆ ಪಾಲುದಾರನಲ್ಲ. ಒಣಗಿದ ಹಿಕ್ಕೆ ಮೂತ್ರಗಳ ಧೂಳು ಉಸಿರಿನೊಡನೆ ಒಳಹೊಕ್ಕಾಗ ವೈರಸ್ ಅವನ ಸಣ್ಣ ರಕ್ತನಾಳಗಳ ಒಳಪದರವನ್ನು ಸೇರುತ್ತದೆ. ಆಗ ದೇಹ ಹೂಡುವ ಪ್ರತಿಭಟನೆಯೇ ಅತಿಯಾಗಿ ರಕ್ತನಾಳಗಳು ಸೋರತೊಡಗುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದು ಸಾಮಾನ್ಯವಾಗಿ ಇಲ್ಲವಾದುದರಿಂದ ವೈರಸ್ಸಿನ ಪಾಲಿಗೆ ಮನುಷ್ಯ ಮುಂದೆ ದಾರಿಯಿಲ್ಲದ ಓಣಿ; ಅಲ್ಲಿ ಅದು ಸೌಮ್ಯವಾಗುವಂತೆ ಒತ್ತಾಯಿಸುವ ಶಕ್ತಿ ಯಾವುದೂ ಇಲ್ಲ. ಇದಕ್ಕೆ ಅಪವಾದ ದಕ್ಷಿಣ ಅಮೆರಿಕದ ಆಂಡಿಸ್ ವೈರಸ್. ಅರ್ಜೆಂಟೀನದ ಎಪುಯೆನ್ ಎಂಬ ಊರಿನಲ್ಲಿ 2018-19ರಲ್ಲಿ ಅದು ಮನುಷ್ಯರಿಂದ ಮನುಷ್ಯರಿಗೆ ದಾಟಿ 34 ಮಂದಿಯನ್ನು ಹಿಡಿದು 11 ಮಂದಿಯನ್ನು ಬಲಿತೆಗೆದುಕೊಂಡಿತು.

ಮರದ ಕೊಂಬೆಗಳು ಹೊಂದುತ್ತವೆಯೇ?

ವೈರಸ್ಸುಗಳ ಬರವಣಿಗೆ ನಾಲ್ಕು ಅಕ್ಷರಗಳ ಲಿಪಿಯಲ್ಲಿದೆ. ಹಂಟಾ ವೈರಸ್ಸಿನಲ್ಲಿ ಸುಮಾರು 12,000 ಅಕ್ಷರಗಳು ಸಣ್ಣದು, ನಡುವಣದು, ದೊಡ್ಡದು ಎಂಬ ಮೂರು ಆರ್.ಎನ್.ಎ. ತುಂಡುಗಳಲ್ಲಿ ಹಂಚಿಕೊಂಡಿವೆ. ಪ್ರತಿ ತೆಗೆಯುವ ಲಿಪಿಕಾರನಿಗೆ, ಅಂದರೆ ವೈರಸ್ಸಿನ ಕಿಣ್ವಕ್ಕೆ, ಬರೆದುದನ್ನು ಮತ್ತೆ ಓದಿ ತಿದ್ದುವ ಅಭ್ಯಾಸವಿಲ್ಲ. ತಪ್ಪುಗಳು ಉಳಿಯುತ್ತವೆ. ಹೆಚ್ಚಿನವು ವೈರಸ್ಸಿಗೇ ಮಾರಕ, ಕೆಲವು ನಿರುಪದ್ರವಿ, ಎಲ್ಲೋ ಒಂದು ಉಪಕಾರಿ. ಇದಲ್ಲದೆ ಒಂದೇ ಇಲಿಯಲ್ಲಿ ಎರಡು ತಳಿಗಳು ಸೇರಿದರೆ ಇಸ್ಪೀಟಿನ ಎಲೆಗಳಂತೆ ಈ ತುಂಡುಗಳು ಅದಲುಬದಲಾಗಲೂಬಹುದು.

ಬೇರೆ ಬೇರೆ ದೇಶಗಳ ವೈರಸ್ಸುಗಳ ಅಕ್ಷರಗಳನ್ನು ಹೋಲಿಸಿ ವಂಶವೃಕ್ಷ ಬರೆದಾಗ ಸೊಗಸಾದ ಹೊಂದಾಣಿಕೆ ಕಂಡಿತು. ಹಂಟಾನ್, ಸೋಲ್ ವೈರಸ್ಸುಗಳು ಹಳೆಯ ಜಗತ್ತಿನ ಇಲಿಗಳಲ್ಲಿ ಒಂದು ಕೊಂಬೆ. ಫಿನ್ಲೆಂಡ್ ಮೊದಲಾದೆಡೆ ಕಾಡಿನ ಗಿಡ್ಡಬಾಲದ ಇಲಿಗಳಲ್ಲಿರುವ ಪೂಮಾಲ ವೈರಸ್ ಇನ್ನೊಂದು. 1993ರಲ್ಲಿ ಅಮೆರಿಕದ ನೈರುತ್ಯ ಭಾಗದಲ್ಲಿ ಶ್ವಾಸಕೋಶದ ಮಾರಕ ರೋಗವಾಗಿ ಪ್ರಕಟವಾದ ಸಿನ್ ನೊಂಬ್ರೆ ವೈರಸ್ ಮತ್ತು ಅದರ ಬಳಗ ಹೊಸ ಜಗತ್ತಿನ ಇಲಿಗಳಲ್ಲಿ ಮೂರನೆಯದು. ಇಲಿಗಳ ವಂಶ ಕವಲೊಡೆದಂತೆಲ್ಲ ವೈರಸ್ಸೂ ಜೊತೆಯಲ್ಲಿ ಕವಲೊಡೆಯಿತು, ಕೋಟ್ಯಂತರ ವರ್ಷಗಳಿಂದ ಒಬ್ಬೊಬ್ಬ ಯಜಮಾನನಿಗೆ ಒಂದೊಂದು ವೈರಸ್ ನಿಷ್ಠವಾಗಿದೆ ಎಂಬ ಸಿದ್ಧಾಂತ ಬಹುಕಾಲ ಪಾಠವಾಗಿತ್ತು.

ಈ ಅಚ್ಚುಕಟ್ಟಾದ ಚಿತ್ರದಲ್ಲಿ ತೊಟ್ಟಪಾಳ್ಯಂ ವೈರಸ್ ಹೊಂದದ ತುಣುಕಾಗಿ ಉಳಿದಿತ್ತು. ಮೂಗಿಲಿ ಹೆಸರಿಗೆ ಮಾತ್ರ ಇಲಿ. ಜಾತಿಯಲ್ಲಿ ಅದು ದಂಶಕವಲ್ಲ, ಹುಳುಹುಪ್ಪಟೆಗಳನ್ನು ತಿನ್ನುವ ಬೇರೆ ಗಣದ ಪ್ರಾಣಿ. ಅಪವಾದವೆಂದು ಅದನ್ನು ಪಕ್ಕಕ್ಕಿಟ್ಟಿದ್ದರು. 2007ರಿಂದೀಚೆಗೆ ಅಪವಾದಗಳು ಸಾಲುಗಟ್ಟಿ ಬಂದವು: ನಾನಾ ದೇಶಗಳ ಮೂಗಿಲಿಗಳಲ್ಲಿ, ನೆಲ ತೋಡುವ ಮೋಲ್‌ಗಳಲ್ಲಿ, ಬಾವಲಿಗಳಲ್ಲಿ ಹಂಟಾ ವೈರಸ್ಸುಗಳು ಸಿಕ್ಕಿದವು. 2018ರಲ್ಲಿ ಪ್ರಕಟವಾದ ಶೋಧವೊಂದು ಮೀನುಗಳಲ್ಲಿಯೂ ಈ ಕುಲದ ದೂರದ ಬಂಧುಗಳನ್ನು ತೋರಿಸಿತು. ಇಲಿಗಳು ಈ ವೈರಸ್ಸಿನ ತೌರುಮನೆಯಲ್ಲ, ಬಹುಶಃ ತಡವಾಗಿ ಸೇರಿದ ಮನೆ ಎಂದು ಈಗ ಅನೇಕರು ಭಾವಿಸುತ್ತಾರೆ.

ಇನ್ನೊಂದು ಆಕ್ಷೇಪ ಗಣಿತದಿಂದ ಬಂದಿತು. ವರ್ಷವರ್ಷವೂ ಸಂಗ್ರಹಿಸಿದ ಮಾದರಿಗಳಿಂದ ಅಕ್ಷರ ಬದಲಾಗುವ ವೇಗವನ್ನು ಅಳೆದಾಗ ಅದು ಉಳಿದ ಆರ್.ಎನ್.ಎ. ವೈರಸ್ಸುಗಳಷ್ಟೇ ತೀವ್ರವೆಂದು ಕಂಡಿತು. ಅಷ್ಟು ವೇಗದಲ್ಲಿ ಕೋಟಿ ವರ್ಷ ಕಳೆದಿದ್ದರೆ ಇವು ಪರಸ್ಪರ ಗುರುತೇ ಸಿಗದಷ್ಟು ಬೇರೆಯಾಗಿರಬೇಕಿತ್ತು. ಇವುಗಳ ಹೋಲಿಕೆಯಾದರೋ ಇನ್ನೂ ಸ್ಪಷ್ಟ. 2009ರಲ್ಲಿ ರಾಮ್ಸ್‌ಡೆನ್, ಹೋಮ್ಸ್, ಚಾರ್ಲ್‌ಸ್ಟನ್ ಎಂಬ ಸಂಶೋಧಕರು ಸಹ-ಕವಲಿನ ವಾದವನ್ನು ನಿರಾಕರಿಸಿ, ವೈರಸ್ ಒಂದು ಪ್ರಾಣಿಯಿಂದ ನೆರೆಯ ಪ್ರಾಣಿಗೆ ನೆಗೆಯುತ್ತಲೇ ಬಂದಿದೆಯೆಂದೂ, ಹತ್ತಿರದ ಸಂಬಂಧಿಗಳಿಗೆ ನೆಗೆಯುವುದು ಸುಲಭವಾದುದರಿಂದ ಎರಡು ಮರಗಳೂ ಹೊಂದಿದಂತೆ ತೋರುತ್ತವೆಯೆಂದೂ ವಾದಿಸಿದರು. ಅಲ್ಪಕಾಲದಲ್ಲಿ ಅಳೆದ ವೇಗವನ್ನು ಯುಗಗಳಿಗೆ ಅನ್ವಯಿಸುವುದು ಸರಿಯಲ್ಲವೆಂಬ ಪ್ರತಿವಾದವೂ ಇದೆ, ಚರ್ಚೆ ಮುಗಿದಿಲ್ಲ. ಆದರೆ ಪೂರ್ಣ ನಿಷ್ಠೆಯ ಹಳೆಯ ಚಿತ್ರಕ್ಕೆ ಮರಳುವುದು ಇನ್ನು ಕಷ್ಟ. ಬೇರೆ ಬೇರೆ ಪ್ರಾಣಿಗಳು ಒತ್ತಾಗಿ ಬಾಳುವ ಜಾಗಗಳ ಮೇಲೆ ಕಣ್ಣಿಡಬೇಕಾದ ಅಗತ್ಯ ಇಲ್ಲಿಂದಲೇ ಹುಟ್ಟುತ್ತದೆ. ಮುಂಬಯಿ ಅಂಥ ಜಾಗ.

ನಗರದ ನಾಲ್ವರು ನಿವಾಸಿಗಳು

ಮುಂಬಯಿಯಲ್ಲಿ ‘ಇಲಿ’ ಎಂಬ ಒಂದೇ ಹೆಸರಿನಡಿ ಕನಿಷ್ಠ ನಾಲ್ಕು ಬಗೆಯ ಪ್ರಾಣಿಗಳಿವೆ. ಚಾಳುಗಳ ತೊಲೆ ಜಂತಿಗಳ ಮೇಲೆ ಓಡಾಡುವ, ಉದ್ದಬಾಲದ ಮನೆ ಇಲಿ ಭಾರತದ ಮೂಲನಿವಾಸಿ. ಮಾಂಡವಿಯ ಮನೆಗಳಿಗೆ ಪ್ಲೇಗನ್ನು ತಂದದ್ದು ಮುಖ್ಯವಾಗಿ ಇದೇ. ಗಟಾರಗಳಲ್ಲಿಯೂ ಹಡಗುಕಟ್ಟೆಯಲ್ಲಿಯೂ ವಾಸಿಸುವ ದಪ್ಪಮೈಯ ಕಂದು ಇಲಿ ಉತ್ತರ ಚೀನ, ಮಂಗೋಲಿಯಗಳ ಕಡೆಯ ಮೂಲದ್ದು. ಹಡಗುಗಳಲ್ಲಿ ಜಗತ್ತಿನ ಬಂದರುಗಳಿಗೆಲ್ಲ ಹರಡಿ ತನ್ನೊಡನೆ ಸೋಲ್ ವೈರಸ್ಸನ್ನೂ ಖಂಡದಿಂದ ಖಂಡಕ್ಕೆ ಸಾಗಿಸಿತು. ಸೋಲ್ ವೈರಸ್ ಹೀಗಾಗಿ ಹಂಟಾ ಕುಲದಲ್ಲಿ ಪ್ರಪಂಚವನ್ನೇ ಸುತ್ತಿದ ಒಂದೇ ಒಂದು ವೈರಸ್. 2017ರಲ್ಲಿ ಅಮೆರಿಕದಲ್ಲಿ ಮುದ್ದಿಗಾಗಿ ಸಾಕಿದ ಇಲಿಗಳಿಂದಲೂ ಅದು ಹಲವು ರಾಜ್ಯಗಳ ಜನರಿಗೆ ತಗುಲಿತು.

ಮೂರನೆಯದು ಹೆಗ್ಗಣ. ಇಂಗ್ಲಿಷರ ‘ಬ್ಯಾಂಡಿಕೂಟ್’ ಎಂಬ ಪದ ಹಂದಿಯಿಲಿ ಎಂಬರ್ಥದ ತೆಲುಗಿನ ‘ಪಂದಿಕೊಕ್ಕು’ವಿನ ಅಪಭ್ರಂಶ, ಮರಾಠಿಗರಿಗೆ ಅದು ‘ಘೂಸ್’. ಧಾನ್ಯದ ಗೋದಾಮುಗಳ ನೆಲವನ್ನು ಕೊರೆಯುವುದರಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ದೊಡ್ಡ ಹೆಗ್ಗಣದಲ್ಲಿ ಥಾಯ್ಲೆಂಡಿನ ಸಂಶೋಧಕರು ಪ್ರತ್ಯೇಕ ಹಂಟಾ ವೈರಸ್ಸೊಂದನ್ನು ಕಂಡಿದ್ದಾರೆ. ಅದೇ ಜಾತಿಯ ಹೆಗ್ಗಣ ಭಾರತದಲ್ಲಿಯೂ ಇದೆ. ನಾಲ್ಕನೆಯದು ಮೂಗಿಲಿ, ವೆಲ್ಲೂರಿನಲ್ಲಿ ಸಿಕ್ಕ ಅದರ ವೈರಸ್ ಮುಂದೆ ನೇಪಾಳ, ಚೀನಗಳ ಮೂಗಿಲಿಗಳಲ್ಲಿಯೂ ಸಿಕ್ಕಿದೆ. ಚೀನದ ಕಡೆಯ ಇಲಿ, ಈ ನೆಲದ ಇಲಿ, ಹೆಗ್ಗಣ, ಮೂಗಿಲಿ, ಇವೆಲ್ಲ ಒಂದೇ ಉಗ್ರಾಣದ ಹಿಂಬದಿಯಲ್ಲಿ, ಒಂದೇ ಕಸದ ರಾಶಿಗಾಗಿ ಕಚ್ಚಾಡುವ ಸಂದರ್ಭ ಕಾಡಿನಲ್ಲಿ ಒದಗದು. ನಗರದಲ್ಲಿ ಅದು ನಿತ್ಯದ ಮಾತು.

ಮಳೆಗಾಲದ ಜ್ವರಗಳು

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿತು. ಕುರ್ಲಾ, ಕಲಿನಾ ಭಾಗಗಳಲ್ಲಿ ಸೊಂಟದುದ್ದದ ನೀರಿನಲ್ಲಿ ಜನ ಮನೆಗೆ ನಡೆದರು. ಮುಂದಿನ ವಾರಗಳಲ್ಲಿ ಇಲಿಜ್ವರ ಹಬ್ಬಿತು. ಅಂದಿನಿಂದ ಮಳೆಗಾಲದಲ್ಲಿ ಜ್ವರದೊಡನೆ ಮೂತ್ರ ಕಡಿಮೆಯಾದರೆ, ಕಣ್ಣು ಕೆಂಪಾದರೆ ಮುಂಬಯಿಯ ವೈದ್ಯರು ಲೆಪ್ಟೋಸ್ಪೈರೋಸಿಸನ್ನು ನೆನೆಯುತ್ತಾರೆ. ಡೆಂಗಿ, ಮಲೇರಿಯಗಳನ್ನೂ ನೋಡುತ್ತಾರೆ. ಅದು ಯುಕ್ತವೇ ಸರಿ. ಆದರೆ ಹಂಟಾ ಜ್ವರದ ಮುಖವೂ ಹೆಚ್ಚುಕಡಮೆ ಇದೇ: ಜ್ವರ, ಮೈಕೈನೋವು, ರಕ್ತದಲ್ಲಿ ಪ್ಲೇಟ್‌ಲೆಟ್ಟುಗಳ ಇಳಿಕೆ, ಮೂತ್ರದಲ್ಲಿ ಪ್ರೋಟೀನು, ಮೂತ್ರಪಿಂಡಗಳ ಸೋಲು. ದಕ್ಷಿಣ ಭಾರತದ ಜನರ ರಕ್ತದಲ್ಲಿ ಹಂಟಾ ವೈರಸ್ಸಿನ ವಿರುದ್ಧದ ಪ್ರತಿಕಾಯಗಳು ಇವೆಯೆಂದು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2005ರಲ್ಲಿ ವರದಿಮಾಡಿದರು. ಇಲಿಜ್ವರದಂತೆಯೇ ತೋರಿ ಪ್ರಾಣ ತೆಗೆದ ಹಂಟಾ ಸೋಂಕು ಭಾರತದಿಂದ 2006ರಲ್ಲಿ ವರದಿಯಾಯಿತು. ಸಾಮಾನ್ಯ ಜ್ವರಪರೀಕ್ಷೆಗಳ ಪಟ್ಟಿಯಲ್ಲಿ ಈ ಹೆಸರಿಲ್ಲದಿರುವಲ್ಲಿ, ಕೇಳದ ಪ್ರಶ್ನೆಗೆ ಪ್ರಯೋಗಾಲಯ ಉತ್ತರ ಕೊಡಲಾರದು.

ಹೆಸರು ಯಾವುದಾದರೇನು ಎನ್ನುವಂತಿಲ್ಲ. ಇಲಿಜ್ವರ ಬ್ಯಾಕ್ಟೀರಿಯದ ರೋಗ. ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಔಷಧಗಳಿಗೆ ಬಗ್ಗುತ್ತದೆ, ಆದುದರಿಂದ ಸಂಶಯ ಬಂದೊಡನೆ ಅವನ್ನು ಕೊಡುವುದೇ ಸರಿ. ಹಂಟಾ ವೈರಸ್ಸಿಗೆ ಅವು ನಾಟವು. ಅಲ್ಲಿ ರೋಗಿಯನ್ನು ಉಳಿಸುವುದು ಶುಶ್ರೂಷೆಯ ಸೂಕ್ಷ್ಮ: ಸೋರುವ ರಕ್ತನಾಳಗಳಿರುವಾಗ ಸಲೈನನ್ನು ಅಳತೆಯರಿತು ಕೊಡುವುದು, ಸಕಾಲದಲ್ಲಿ ಡಯಾಲಿಸಿಸ್, ಅಗತ್ಯವಾದರೆ ಉಸಿರಾಟದ ಯಂತ್ರ. ಅತಿಯಾದ ಸಲೈನು ಶ್ವಾಸಕೋಶವನ್ನು ತುಂಬಿಬಿಡಬಲ್ಲದು. ಸೋಲ್ ವೈರಸ್ಸಿನಿಂದ ಸಾಯುವವರು ನೂರಕ್ಕೆ ಒಬ್ಬರ ಆಸುಪಾಸು. ಹಂಟಾನ್ ವೈರಸ್ಸಿನಿಂದ ಐದರಿಂದ ಹದಿನೈದು. ಅಮೆರಿಕದ ಶ್ವಾಸಕೋಶದ ಬಗೆಯಲ್ಲಿ ಮೂವತ್ತೈದರಷ್ಟು.

ಇಲಿಗಳನ್ನು ಕೊಂದರಾಗದೇ ಎಂಬ ಪ್ರಶ್ನೆ ಸಹಜ. ರಾತ್ರಿ ಟಾರ್ಚು ದೊಣ್ಣೆಗಳೊಡನೆ ಗಲ್ಲಿಗಲ್ಲಿ ಸುತ್ತಿ, ರಾತ್ರಿಗೆ ಮೂವತ್ತರ ಲೆಕ್ಕ ಒಪ್ಪಿಸುವ ಇಲಿಸಂಹಾರಕರು ಮುಂಬಯಿ ಮಹಾನಗರಪಾಲಿಕೆಯ ವಿಶಿಷ್ಟ ನೌಕರರು. ಅವರ ದುಡಿಮೆ ಯಾವ ಗೌರವಕ್ಕೂ ಕಡಮೆಯಲ್ಲ. ಆದರೆ ಕಸ ಉಳಿದಲ್ಲಿ ಖಾಲಿಯಾದ ಬಿಲ ಖಾಲಿ ಉಳಿಯದು. ಹೊಸ ಇಲಿಗಳು ನುಗ್ಗುತ್ತವೆ, ಗಡಿಗಾಗಿ ಕಚ್ಚಾಟ ಹೆಚ್ಚುತ್ತದೆ. ಕಚ್ಚಾಟವೇ ವೈರಸ್ಸಿನ ರಾಜಮಾರ್ಗವೆಂಬುದನ್ನು ಮೇಲೆ ಕಂಡುದಾಗಿದೆ. ಕೆನಡದ ವ್ಯಾಂಕೂವರ್ ನಗರದಲ್ಲಿ ಇಲಿಗಳನ್ನು ಹಿಡಿದು ಕೊಂದ ಬಳಿಕ ಉಳಿದವುಗಳಲ್ಲಿ ಲೆಪ್ಟೋಸ್ಪೈರ ಇರುವ ಸಂಭವ ಹೆಚ್ಚಿತೆಂದು 2018ರ ಅಧ್ಯಯನವೊಂದು ತೋರಿಸಿದೆ. ಮುಚ್ಚಳವಿರುವ ಕಸದ ಡಬ್ಬ, ಸಿಮೆಂಟು ಹಾಕಿ ಮುಚ್ಚಿದ ಬಿಲ, ನೆಲದಿಂದ ಎತ್ತರಿಸಿ ಗೋಡೆಯಿಂದ ದೂರವಿಟ್ಟ ಮೂಟೆ, ಇವು ಪಾಷಾಣಕ್ಕಿಂತ ದೀರ್ಘಕಾಲ ಕೆಲಸಮಾಡುತ್ತವೆ.

ಈ ಮಾತು ಮುಂಬಯಿ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹೋಟೆಲಿನ ಉಗ್ರಾಣ, ಅಂಗಡಿಯ ಹಿಂಕೋಣೆ, ವಾಶಿ ಭಿವಂಡಿಗಳ ಗೋದಾಮು, ವರ್ಷಕ್ಕೊಮ್ಮೆ ರಜೆಯಲ್ಲಿ ಬೀಗ ತೆರೆಯುವ ಊರಿನ ಮನೆ, ಇವೇ ಒಣ ಹಿಕ್ಕೆಯ ಧೂಳು ಕೂಡುವ ತಾಣಗಳು. ಗಣೇಶೋತ್ಸವ ದೀಪಾವಳಿಗಳ ಮುನ್ನ ಅಟ್ಟ ಇಳಿಸಿ, ಬಾಗಿಲು ಮುಚ್ಚಿಕೊಂಡು, ಒಣ ಪೊರಕೆಯಿಂದ ಗುಡಿಸುವ ಪದ್ಧತಿ ಇಲ್ಲಿ ಅಪಾಯಕಾರಿ. ಮೊದಲು ಕಿಟಕಿ ಬಾಗಿಲುಗಳನ್ನು ತೆರೆದಿಟ್ಟು ಅರ್ಧ ಗಂಟೆ ಹೊರಗೇ ಇರಬೇಕು. ಬಳಿಕ ಕೈಗವಸು ತೊಟ್ಟು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯಿರುವಲ್ಲಿ ಚೆನ್ನಾಗಿ ನೆನೆಯುವಂತೆ ಹಾಕಿ, ಐದು ನಿಮಿಷ ಬಿಟ್ಟು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು. ಸತ್ತ ಇಲಿಯನ್ನೂ ಹೀಗೆಯೇ ನೆನೆಸಿ, ಚೀಲದಲ್ಲಿ ಕಟ್ಟಿ ಎಸೆಯಬೇಕು. ಈ ಕೆಲಸವನ್ನು ಉಗ್ರಾಣದ ಹುಡುಗನಿಗೆ ವಹಿಸುವ ಯಜಮಾನರು ಕೈಗವಸನ್ನೂ ಅವನ ಕೈಗೆ ಕೊಡಲಿ.

ಹಂಟಾ ಸೋಂಕು ತಗುಲಿದ ಮರುದಿನವೇ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವಾರಗಳು, ಕೆಲವೊಮ್ಮೆ ಎಂಟು ವಾರಗಳೂ ಕಳೆಯಬಹುದು. ಅಷ್ಟರಲ್ಲಿ ಅಟ್ಟ ಗುಡಿಸಿದ ನೆನಪೇ ಅಳಿದಿರುತ್ತದೆ. ಆದುದರಿಂದ ಜ್ವರದೊಡನೆ ಸೊಂಟನೋವು, ಮೂತ್ರದ ಇಳಿಕೆ ಅಥವಾ ಏದುಸಿರು ಕಂಡಲ್ಲಿ, ಎಷ್ಟು ದಿನಗಳ ಹಿಂದೆ ಎಲ್ಲಿ ಇಲಿಗಳ ಸಂಪರ್ಕವಾಗಿತ್ತು, ನೆರೆನೀರಿನಲ್ಲಿ ನಡೆದದ್ದುಂಟೇ ಎಂಬುದನ್ನು ವೈದ್ಯರು ಕೇಳದಿದ್ದರೂ ರೋಗಿಯ ಕಡೆಯವರೇ ಮೊದಲ ದಿನವೇ ತಿಳಿಸತಕ್ಕದ್ದು.